ಕಂಬಕ್ಕಿಂತ ಒಂದು ಗೇಣು ಮುಂದೆ

ನನಗೆ ಫುಟ್‌ಬಾಲಿನ ನಿಯಮಗಳು ಈಗಲೂ ಪೂರ್ತಿ ಗೊತ್ತಿಲ್ಲ. ಆದರೆ ಒಂದು ಗೆರೆ ನೇರವಾಗಿದೆಯೋ ಓರೆಯಾಗಿದೆಯೋ ಎಂಬುದನ್ನು ಹತ್ತು ಮಾರು ದೂರದಿಂದಲೇ ಹೇಳಬಲ್ಲೆ. ಶ್ರೀರಂಗಪಟ್ಟಣದಲ್ಲಿ ಕಾನ್ವೆಂಟಿಗೆ ಹೋಗುತ್ತಿದ್ದಾಗ ನಮ್ಮ ಕ್ಲಾಸ್ ಸಿಸ್ಟರ್ ಪ್ರತಿ ಹೊಸ ನೋಟ್‌ಬುಕ್ಕಿಗೂ ನಮ್ಮ ಕೈಯಲ್ಲೇ ಮಾರ್ಜಿನ್ ಎಳೆಸುತ್ತಿದ್ದರು. ಗೆರೆ ಸೊಟ್ಟಗಾದರೆ ಬೈಯುತ್ತಿರಲಿಲ್ಲ, ಪುಟ ಹರಿಯುತ್ತಿರಲಿಲ್ಲ. ಇಡೀ ಕ್ಲಾಸಿಗೆ ಇದ್ದ ಒಂದೇ ರಬ್ಬರನ್ನು ನಮ್ಮ ಅಂಗೈಯಲ್ಲಿಟ್ಟು ಮುಂದಿನ ಬೆಂಚಿಗೆ ಹೋಗಿಬಿಡುತ್ತಿದ್ದರು. ಆ ರಬ್ಬರು ಯಾವಾಗಲೂ ಬೆಚ್ಚಗಿರುತ್ತಿತ್ತು, ಯಾಕೆಂದರೆ ನನಗಿಂತ ಮೊದಲು ಇನ್ಯಾರದೋ ಕೈಯಲ್ಲಿ ಇದ್ದು ಬಂದಿರುತ್ತಿತ್ತು.

ಮದುವೆಯಾಗಿ ಪಾಂಡವಪುರಕ್ಕೆ ಬಂದೆ. ಗಂಡನ ಮನೆಯವರದು ಅಕ್ಕಸಾಲೆ ಕೆಲಸ. ಮನೆಯಲ್ಲಿ ಎಲ್ಲರ ಕಣ್ಣೂ ಸೂಕ್ಷ್ಮ. ಅತ್ತೆ ಇದ್ದಷ್ಟು ದಿನ ನನ್ನ ಬಾಗಿಲ ಮುಂದಿನ ರಂಗೋಲಿಯನ್ನು ಮೆಚ್ಚಿದ್ದು ಒಂದೇ ಸಲ, ಅದೂ ಬೇರೆಯವರ ಮುಂದೆ. ಆದರೂ ನನ್ನ ಕೈ ಮೇಲೆ ನನಗೆ ನಂಬಿಕೆಯಿತ್ತು. ಈ ನಂಬಿಕೆಯಿಂದಲೇ ಎರಡು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಕಳ್ಳಿ ಎಂಬ ಹೆಸರು ಬಂತು.

ನನ್ನ ಮಗಳೂ ಆಗ ಒಂಬತ್ತನೇ ಕ್ಲಾಸು. ನಮ್ಮ ಕಡೆ ಹೆಣ್ಣುಮಕ್ಕಳ ಆಟ ಎಂದರೆ ಖೋಖೋ, ಥ್ರೋಬಾಲು. ಅವಳ ಶಾಲೆಗೆ ಹೊಸದಾಗಿ ಬಂದ ಪಿ.ಟಿ. ಮೇಡಂ ಫುಟ್‌ಬಾಲ್ ಟೀಮು ಕಟ್ಟಿದರು. ಮೊದಲ ತಿಂಗಳು ಮನೆಯ ತುಂಬ ಮಣ್ಣಿನ ಕಾಲ್ಚೀಲಗಳು. ಎರಡನೇ ತಿಂಗಳಿಗೆ ನನ್ನ ಮಗಳು ಊಟಕ್ಕೆ ಕೂತರೂ ಮೇಜಿನ ಕೆಳಗೆ ಕಾಲು ಆಡಿಸುತ್ತಿದ್ದಳು. ಆ ವರ್ಷ ಹುಡುಗಿಯರ ಟೀಮು ಇದ್ದದ್ದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ಒಂದೊಂದು, ಒಟ್ಟು ನಾಲ್ಕೇ. ಬೆಳಿಗ್ಗೆ ಎರಡು ಪಂದ್ಯ, ಗೆದ್ದವರಿಗೆ ಮಧ್ಯಾಹ್ನ ಫೈನಲ್, ಅದರಲ್ಲಿ ಗೆದ್ದವರು ಜಿಲ್ಲೆಗೆ. ಆಟ ನಡೆಯುವುದು ನನ್ನ ಮಗಳ ಶಾಲೆಯ ಮೈದಾನದಲ್ಲಿ, ಒಂದು ಶನಿವಾರ.

ನನ್ನನ್ನು ಇದರೊಳಕ್ಕೆ ಎಳೆದದ್ದು ಸುಣ್ಣ. ಹಿಂದಿನ ಸಲ ಖೋಖೋ ಪಂದ್ಯಕ್ಕೆ ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ್ದರು. ಬಿದ್ದ ಹುಡುಗಿಯರ ಮಂಡಿ ಸುಟ್ಟು ಬೊಬ್ಬೆ ಬಂದಿತ್ತು. ಪೋಷಕರ ಸಭೆಯಲ್ಲಿ ನಾನು ಎದ್ದು, ರಂಗೋಲಿ ಪುಡಿಯಲ್ಲಿ ಯಾಕೆ ಹಾಕಬಾರದು ಎಂದೆ. ಪಿ.ಟಿ. ಮೇಡಂ ನಕ್ಕು, "ಹಂಗಾದ್ರೆ ನೀವೇ ಎಳ್ಕೊಡಿ ಮೇಡಂ," ಎಂದರು. ನಾನು ಒಪ್ಪಿಕೊಂಡೆ. ಅವರು ನಕ್ಕದ್ದು ತಮಾಷೆಗೆ ಎಂದು ಗೊತ್ತಾದದ್ದು ನಾನು ಅಳತೆ ಕೇಳಿದ ಮೇಲೆ.

ಶನಿವಾರ ಬೆಳಗಿನ ಜಾವ ಮಗಳನ್ನು ಎಬ್ಬಿಸಿಕೊಂಡು ಹೋದೆ. ಉದ್ದನೆಯ ಪಕ್ಕದ ಗೆರೆಗಳನ್ನು ತೂತು ಕೊರೆದ ಡಬ್ಬಿಯಲ್ಲಿ ಎಳೆದೆವು. ಗೋಲ್ ಕಂಬಗಳ ಗೆರೆಯನ್ನು ಮಾತ್ರ ನಾನು ಕೈಯಲ್ಲೇ ಬಿಡುತ್ತೇನೆ ಎಂದೆ. ನೀರು ಚಿಮುಕಿಸಿ, ನೂಲು ಹಿಡಿದು, ನೂಲಿನ ಗುಂಟ ಕೂತು ಕೂತು ಜರುಗುತ್ತ ನಾಲ್ಕು ಬೆರಳಗಲದ ಗೆರೆ. ಶಾಲೆಯ ಕಟ್ಟಡದ ಕಡೆಯ ಕಂಬಗಳಿಗೆ ನೂಲನ್ನು ಸುತ್ತಿಯೇ ಕಟ್ಟಿದೆ, ಗೆರೆ ಕಂಬದಿಂದ ಕಂಬಕ್ಕೆ ಸರಿಯಾಗಿ ಕೂತಿತು.

ನೀರಿನ ಟ್ಯಾಂಕಿನ ಕಡೆಯ ಕಂಬಗಳದು ಬೇರೆ ಕತೆ. ಅವು ಅಲುಗಾಡುತ್ತಿದ್ದವೆಂದು ಯಾರೋ ಬುಡಕ್ಕೆ ಕಲ್ಲು ತುಂಬಿ ಮೇಲೆ ಒಂದಿಷ್ಟು ಸಿಮೆಂಟು ಸುರಿದಿದ್ದರು. ಅಲ್ಲಿ ಪುಡಿ ಬಿಟ್ಟರೆ ಗೆರೆ ಕಲ್ಲಿನ ಮೇಲೆ ಹತ್ತಿ ಇಳಿದು ಎರಡು ಕಡೆ ತುಂಡಾಗುತ್ತಿತ್ತು. ತುಂಡಾದ ಗೆರೆಯನ್ನು ನಾನು ಯಾವತ್ತೂ ಬಿಟ್ಟವಳಲ್ಲ. ಬಾಗಿಲ ಮುಂದೆ ಚಪ್ಪಡಿ ಎದ್ದಿದ್ದರೆ ರಂಗೋಲಿಯನ್ನೇ ಒಂದಿಷ್ಟು ಮುಂದಕ್ಕೆ ತಂದು ಹಾಕುತ್ತೇವಲ್ಲ, ಹಾಗೆ.

"ಒಂದು ಗೇಣು ಮುಂದಕ್ಕೆ ಹಿಡ್ಕೋ," ಎಂದೆ ಮಗಳಿಗೆ.

"ಹೂಂ," ಎಂದು ಆಕಳಿಸುತ್ತ ನೂಲಿನ ತುದಿ ಹಿಡಿದು ಅವಳು ಮುಂದಕ್ಕೆ ಬಂದಳು.

ಗೆರೆ ತುಂಬ ಚೆನ್ನಾಗಿ ಬಂತು. ಪಿ.ಟಿ. ಮೇಡಂ ಬಂದು ನೋಡಿ, "ಅಯ್ಯೋ, ಪ್ರಿಂಟ್ ಹೊಡ್ದಂಗಿದೆ!" ಎಂದರು. ನಾನು ಉಳಿದ ಪುಡಿಯ ಡಬ್ಬಿಯನ್ನೂ ನೂಲುಂಡೆಯನ್ನೂ ಟ್ಯಾಂಕಿನ ಕಟ್ಟೆಯ ಮೇಲಿಟ್ಟು ಮನೆಗೆ ಹೋಗಿ ತಿಂಡಿ ಮಾಡಿದೆ.

ಬೆಳಗಿನ ಪಂದ್ಯಗಳಲ್ಲಿ ಶ್ರೀರಂಗಪಟ್ಟಣದವರೂ ನಾಗಮಂಗಲದವರೂ ಸೋತರು. ಮಧ್ಯಾಹ್ನಕ್ಕೆ ಉಳಿದವರು ನಮ್ಮವರು ಮತ್ತು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ ಕಡೆಯ ಒಂದು ಹಳ್ಳಿ ಶಾಲೆಯ ಹುಡುಗಿಯರು. ನಾನು ಟ್ಯಾಂಕಿನ ಹತ್ತಿರ ಪಾನಕದ ಮೇಜಿನ ಹಿಂದೆ ನಿಂತಿದ್ದೆ. ಹಾಗಾಗಿ ದ್ವಿತೀಯಾರ್ಧದಲ್ಲಿ ಆ ಹಳ್ಳಿ ತಂಡದ ಗೋಲ್‌ಕೀಪರು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿದ್ದಳು.

ತೆಳ್ಳಗಿನ ಹುಡುಗಿ. ಎರಡು ಜಡೆಯನ್ನು ಮಡಚಿ ಕಟ್ಟಿದ್ದಳು, ಒಂದು ರಿಬ್ಬನ್ನು ಕೆಂಪು, ಇನ್ನೊಂದು ಕೆಂಪೇ ಆದರೆ ಒಗೆದೂ ಒಗೆದೂ ಬಣ್ಣ ಇಳಿದದ್ದು. ಕೈಗೆ ಗ್ಲೌಸು ಇರಲಿಲ್ಲ, ಅಂಗೈಗೆ ಹತ್ತಿ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದಳು. ಚೆಂಡು ಆ ಕಡೆ ಹೋದಾಗಲೆಲ್ಲ ಅವಳು ಒಂದು ಕೆಲಸ ಮಾಡುತ್ತಿದ್ದಳು. ಎಡಗಡೆಯ ಕಂಬದ ಹತ್ತಿರ ಹೋಗಿ ಅದನ್ನು ಮುಟ್ಟುವುದು, ಬಲಗಡೆಯ ಕಂಬ ಮುಟ್ಟುವುದು, ನಡುವೆ ಬಂದು ನಿಲ್ಲುವುದು. ನನ್ನ ಗೆರೆಯನ್ನು ಒಮ್ಮೆಯೂ ನೋಡಲಿಲ್ಲ. ಇಷ್ಟು ಚೆಂದದ ಗೆರೆ ಎಳೆದಿದ್ದೀನಿ, ಒಂದು ಸಲ ನೋಡಬಾರದೆ, ಎಂದು ನನಗೆ ಅನ್ನಿಸಿದ್ದೂ ಉಂಟು.

ಇಬ್ಬರದೂ ಗೋಲು ಇಲ್ಲ. ಧೂಳು ಏಳುತ್ತಿದೆಯೆಂದು ಟ್ಯಾಂಕಿನ ಕಡೆ ನೀರು ಚೆಲ್ಲಿದ್ದರು, ನೆಲ ಮೆದುವಾಗಿತ್ತು. ಇನ್ನೇನು ಮುಗಿಯಬೇಕು ಎನ್ನುವಾಗ ಚೆಂಡು ನನ್ನ ಮಗಳ ಕಾಲಿಗೆ ಬಂತು. ಅವಳು ಒದ್ದಳು. ಆ ಹುಡುಗಿ ಹಿಂದಕ್ಕೆ ಹಾರಿ ಚೆಂಡಿನ ಮೇಲೆ ಬಿದ್ದಳು, ಎದೆಯ ಕೆಳಗೆ ಚೆಂಡು ಸಿಕ್ಕಿಕೊಂಡಿತು. ಹಾಗೇ ಹೊರಳಿ ಚೆಂಡು ಹಿಡಿದು ಮುಂದಕ್ಕೆ ಬಂದಳು. ಹೊರಳುವಾಗ ಅವಳ ಮೊಣಕಾಲು, ಲಂಗದ ಹಾಗೆ ಜೋತ ಷರ್ಟು, ಎಲ್ಲ ಸೇರಿ ನನ್ನ ಗೆರೆಯನ್ನು ಒಂದು ಮೊಳದಷ್ಟು ಒರೆಸಿಹಾಕಿದವು.

ರೆಫರಿ ಸೀಟಿ ಊದಿದರು. ಅವರು ನಾಗಮಂಗಲ ಕಡೆಯವರು, ಎರಡೂ ಶಾಲೆಗೆ ಸೇರದ ಮೇಷ್ಟ್ರು. "ಗೋಲ್!" ಎಂದು ಕೈ ತೋರಿಸಿದರು. ನಮ್ಮ ಹುಡುಗಿಯರು ಕುಣಿದರು. ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟಿದೆ.

"ಸಾ, ಗೋಲಾಗಿಲ್ಲ ಸಾ! ಕಂಬದ್ ತಾವ್ಲೇ ಇಡ್ಕಂಡಿವ್ನಿ ಸಾ!" ಎಂದು ಆ ಹುಡುಗಿ ಕೂಗಿದಳು.

ರೆಫರಿ ಸಿಟ್ಟು ಮಾಡಲಿಲ್ಲ. ಅವಳನ್ನು ಕರೆದು, ಕುಕ್ಕರುಗಾಲಲ್ಲಿ ಕೂತು ತೋರಿಸಿದರು. ಮೆದು ಮಣ್ಣಿನಲ್ಲಿ ಚೆಂಡಿನ ದುಂಡನೆಯ ಗುರುತು ಬಿದ್ದಿತ್ತು. "ಗೆರೆ ಎಲ್ಲಿ ಹೋಗುತ್ತೆ ನೋಡು. ಚೆಂಡು ಬಿದ್ದಿರೋದು ಎಲ್ಲಿ? ಪೂರ್ತಿ ಆಚೆಗಲ್ವೇನಮ್ಮ?"

"ಗೆರೆ ಯಾಕ್ ಸಾ? ಕಂಬ ನೋಡಿ ಸಾ, ಕಂಬ ಅಲ್ಲೈತೆ!"

ಅಷ್ಟರಲ್ಲಿ ಹೊಂಗೆ ಮರದ ಕೆಳಗಿನಿಂದ ನಮ್ಮ ಕಡೆಯ ಪೋಷಕರೊಬ್ಬರ ಗಂಟಲು: "ಗೆರೆ ಅಳಿಸ್ಬುಟ್ಳು ನೋಡ್ರೀ! ಬೇಕಂತ್ಲೇ ಮಂಡೀಲಿ ಒರೆಸ್ತಾವ್ಳೆ! ಕಳ್ಳಿ!" ಇನ್ನೊಬ್ಬರು ಅದನ್ನೇ ಎತ್ತಿಕೊಂಡರು. ನಗು, ಶಿಳ್ಳೆ. ರೆಫರಿ ಗೆರೆಯನ್ನೂ ಅವಳ ಮಂಡಿಯನ್ನೂ ನೋಡಿದರು. ಮಂಡಿಯ ತುಂಬ ನನ್ನ ಬಿಳಿ ಪುಡಿ. ಜೇಬಿನಿಂದ ಹಳದಿ ಕಾರ್ಡು ತೆಗೆದು ಎತ್ತಿದರು. ಆಟ ಮುಗಿಯಿತು, ನಾವು ಗೆದ್ದೆವು.

ಪಾನಕ ಹಂಚುವಾಗ ಆ ಹಳ್ಳಿ ತಂಡದ ಮೇಷ್ಟ್ರು ಮೇಜಿನ ಪಕ್ಕದಲ್ಲೇ ಅವಳನ್ನು ನಿಲ್ಲಿಸಿಕೊಂಡು ಮಾತಾಡಿದರು. ದೊಡ್ಡ ದನಿಯಲ್ಲಲ್ಲ. ಸೋತದ್ದಕ್ಕಿಂತ ಊರ ಹೆಸರು ಹೋಯಿತೆಂಬ ನೋವು ಅವರಿಗೆ.

"ಸೋಲದು ಗೆಲ್ಲದು ಇದ್ದದ್ದೇ ಕಣಮ್ಮಿ. ಗೆರೆ ಅಳಿಸಾದು ಎಲ್ ಕಲ್ತೆ? ಸೋಮಾರ ಪ್ರೇಯರ್ ಆದ್ ಮ್ಯಾಲೆ ಎಲ್ಲಾರ್ ಮುಂದೆ ತಪ್ಪಾಯ್ತು ಅನ್ನು. ಇಲ್ದಿದ್ರೆ ಇನ್ನು ಬಾಲ್ ಮುಟ್ಟಂಗಿಲ್ಲ."

"ಮಾಡ್ದೆ ಇರಾದ್ನ ಎಂಗ್ ಸಾ ಯೋಳದು?"

"ನೀನ್ ಯೋಳಲ್ಲ, ಅಷ್ಟೇ ತಾನೆ? ಸರಿ ಬುಡು."

ನಾನು ಅವಳ ಕಡೆ ಲೋಟ ಚಾಚಿದೆ. ಅವಳು ಪಟ್ಟಿ ಸುತ್ತಿದ ಕೈಯಿಂದ ಅದನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿ ಹೋಗಿ ಟೆಂಪೋ ಹತ್ತಿದಳು. ಎಲ್ಲರ ಹಿಂದೆ, ಬಾಗಿಲ ಕಡೆ ಬೆನ್ನು ಮಾಡಿ ಕೂತಳು.

ಸಂಜೆ ಐದೂವರೆಗೆ ನೆನಪಾಯಿತು, ಪುಡಿ ಡಬ್ಬಿ, ನೂಲುಂಡೆ ಟ್ಯಾಂಕಿನ ಕಟ್ಟೆಯ ಮೇಲೇ ಇವೆಯೆಂದು. ಹೋಗಿ ತೆಗೆದುಕೊಂಡೆ. ತಿರುಗುವಾಗ ಬಿಸಿಲು ಓರೆಯಾಗಿ ಬಿದ್ದು ಗೋಲ್ ಕಂಬದ ನೆರಳು ಮೈದಾನದ ಮೇಲೆ ಉದ್ದಕ್ಕೆ ಮಲಗಿತ್ತು. ನನ್ನ ಗೆರೆ ಎಲ್ಲೋ, ಕಂಬ ಎಲ್ಲೋ. ಎರಡರ ನಡುವೆ ಒಂದು ಪಟ್ಟಿ ಬರೀ ಮಣ್ಣು. ಆ ಬರೀ ಮಣ್ಣಿನಲ್ಲಿ ಚೆಂಡಿನ ಗುರುತು ಒಣಗಿ ಹಾಗೇ ನಿಂತಿತ್ತು, ಚಪಾತಿ ಹಿಟ್ಟಿಗೆ ಬಟ್ಟಲು ಒತ್ತಿದ ಹಾಗೆ.

ನಾನು ಕೂತೆ. ಹೆಬ್ಬೆರಳನ್ನು ಗೆರೆಯ ಹಿಂಬದಿಗಿಟ್ಟು ಕೈ ಚಾಚಿದೆ. ಕಿರುಬೆರಳು ಕಂಬಕ್ಕೆ ತಾಕಿತು. ಒಂದು ಗೇಣು. ಎದ್ದು ಕಟ್ಟಡದ ಕಡೆಯ ಗೋಲಿಗೆ ನಡೆದೆ. ಅಲ್ಲಿ ಗೆರೆ ಕಂಬದಿಂದಲೇ ಹೊರಟಿತ್ತು. ವಾಪಸು ಬಂದು ಫೋನಿನಲ್ಲಿ ಮೂರು ಫೋಟೋ ತೆಗೆದೆ. ಒಂದರಲ್ಲಿ ನನ್ನ ಕೈಯೂ ಇದೆ, ಬಳೆ ಸಮೇತ.

ಭಾನುವಾರ ತಿಂಡಿಗೆ ಕೂತಾಗ ಹೇಳಿದೆ. ಮಗಳು ದೋಸೆ ಮುರಿಯುವುದನ್ನು ನಿಲ್ಲಿಸಿದಳು.

"ಅಮ್ಮಾ, ಎರಡೂ ಟೀಮಿಗೂ ಅದೇ ಗೆರೆ ಇತ್ತು ತಾನೆ? ಫಸ್ಟ್ ಹಾಫಲ್ಲಿ ನಾವೇ ಆ ಕಡೆ ಇದ್ವಿ. ಆವಾಗ ಅವ್ರು ಹೊಡ್ದಿದ್ರೆ ಅವ್ರಿಗೂ ಗೋಲು ಕೊಡೋರು."

"ನಿಜ."

"ಮತ್ತೆ?"

"ಗೆರೆ ಇಬ್ಬರಿಗೂ ಒಂದೇ. ಕಳ್ಳಿ ಅನ್ನಿಸಿಕೊಂಡಿದ್ದು ಒಬ್ಬಳೇ ಅಲ್ವೇನಮ್ಮ?"

"ಅದು ನಾನ್ ಹೊಡ್ದ ಗೋಲು ಅಮ್ಮಾ!" ಎಂದು ಅವಳು ತಟ್ಟೆ ಬಿಟ್ಟು ಎದ್ದಳು. ಅವಳ ಮೊದಲ ಗೋಲು ಅದು. ಹಿಂದಿನ ದಿನ ಅಪ್ಪನಿಗೆ, ಸೋದರತ್ತೆಗೆ, ಎದುರು ಮನೆಯವರಿಗೆ, ಎಲ್ಲರಿಗೂ ಕಾಲು ಎತ್ತಿ ತೋರಿಸಿ ವರ್ಣಿಸಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಆ ದೋಸೆಯನ್ನು ಮುಚ್ಚಿಟ್ಟೆ.

ನನ್ನವರು ಫೋಟೋವನ್ನು ದೊಡ್ಡದು ಮಾಡಿ, ಚಿನ್ನದ ಬೆಸುಗೆ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದರು. "ಕಂಬಕ್ಕೂ ಗೆರೆಗೂ ಸಂಬಂಧಾನೇ ಇಲ್ಲ ಕಣೆ ಇಲ್ಲಿ. ಇಷ್ಟ್ ದಿವಸ ನನ್ ಕೆಲ್ಸದಲ್ಲಿ ಕೂದಲೆಳೆ ತಪ್ಪು ಹುಡುಕ್ತಿದ್ದೋಳು ನೀನೇನಾ?"

"ನಾನೇ. ಹುಡುಕಿದ್ದೂ ನಾನೇ ಅಲ್ವಾ?"

"ಅದೂ ಸರಿಯೇ. ಈಗೇನ್ ಮಾಡ್ತೀಯ?"

ಪಿ.ಟಿ. ಮೇಡಂಗೆ ಫೋನು ಮಾಡಿದೆ. ಅವರು, "ಮೇಡಂ, ದಯವಿಟ್ಟು ಈ ವಿಷ್ಯ ಎಬ್ಬಿಸ್ಬೇಡಿ," ಎಂದರು. "ನಮ್ಮ ಗ್ರೌಂಡು, ನಮ್ಮ ಪೇರೆಂಟು ಎಳೆದ ಗೆರೆ. ಬೇಕಂತ್ಲೇ ಹಂಗೆ ಎಳ್ಸಿದ್ರು ಅಂತಾರೆ. ಮಕ್ಕಳು ಪಾಪ ಇಷ್ಟು ತಿಂಗಳು ಕಷ್ಟ ಪಟ್ಟವ್ರೆ."

ಅವರ ಭಯ ಸುಳ್ಳಲ್ಲ. ಗೆರೆ ಎಳೆದವಳ ಮಗಳೇ ಗೋಲು ಹೊಡೆದದ್ದು. ಕೇಳಿದವರು ಏನಂದುಕೊಳ್ಳುತ್ತಾರೆ ಎಂದು ನಾನೂ ಯೋಚಿಸಿದ್ದೆ. ಆದರೂ ಸಮಾಧಾನವಾಗಿಯೇ ಹೇಳಿದೆ: "ನನ್ನ ಬಗ್ಗೆ ಅನ್ನಲಿ ಮೇಡಂ, ನಾನು ಉತ್ತರ ಕೊಡ್ತೀನಿ. ರೆಫರಿಯವರ ನಂಬರ್ ಕಳಿಸಿ."

ಅವರು ಒಳ್ಳೆಯವರು, ಕಳಿಸಿದರು. ಫೋಟೋಗಳನ್ನು ರೆಫರಿಯವರಿಗೆ ಹಾಕಿ, ಕೆಳಗೆ ಏನಾಯಿತೆಂದು ಬರೆದೆ. ಮಧ್ಯಾಹ್ನ ಅವರೇ ಫೋನು ಮಾಡಿದರು.

"ನೋಡಿ ತಾಯಿ, ನಾನು ಗೆರೆ ನೋಡಿ ತೀರ್ಪು ಕೊಟ್ಟೆ. ಆಟಕ್ಕೆ ಮುಂಚೆ ಗೆರೆ, ಕಂಬ ಎರಡೂ ಸರಿ ಅವಾ ಅಂತ ನಾನೇ ನೋಡ್ಬೇಕಿತ್ತು, ನೋಡ್ಲಿಲ್ಲ. ಆಟ ಮುಗಿದ ಮೇಲೆ ಗೋಲು ತೆಗೆಯೋಕೆ ಬರೋದಿಲ್ಲ, ಅದು ಹಾಗೇ ಇರುತ್ತೆ. ಆದ್ರೆ ಆ ಮಗೂಗೆ ಕೊಟ್ಟ ಕಾರ್ಡು ತಪ್ಪು ಅಂತ ಬರೆದು ಕೊಡ್ತೀನಿ. ಆ ಮೇಷ್ಟ್ರಿಗೆ ಆಗ್ಲಿಂದ ಫೋನ್ ಮಾಡ್ತಿದೀನಿ, ಎತ್ತುತ್ತಿಲ್ಲ. ಸಿಟ್ಟಾಗವ್ರೆ."

ಹತ್ತು ನಿಮಿಷಕ್ಕೆ ಸಹಿ ಮಾಡಿದ ಕಾಗದದ ಫೋಟೋ ಬಂತು. ಆದರೆ ನಾಳೆ ಬೆಳಿಗ್ಗೆ ಪ್ರೇಯರ್ ಮುಗಿದ ಮೇಲೆ ಆ ಹುಡುಗಿ ಎಲ್ಲರ ಮುಂದೆ ನಿಲ್ಲಬೇಕು. ತಪ್ಪಾಯಿತು ಎಂದರೆ ಜನ್ಮಕ್ಕೆಲ್ಲ ಅವಳು ಗೆರೆ ಅಳಿಸಿದವಳು. ಅನ್ನದಿದ್ದರೆ ಆಟವೇ ಹೋಯಿತು. ಅವಳು ಅನ್ನುವ ಹುಡುಗಿಯಲ್ಲ ಎಂದು ನನಗೆ ಆ ಲೋಟ ಸರಿಸಿದಾಗಲೇ ಗೊತ್ತಾಗಿತ್ತು.

ಸೋಮವಾರ ಆರೂಕಾಲರ ಬಸ್ಸಿಗೆ ನಾನು ಚೀಲಕ್ಕೆ ನೂಲುಂಡೆ, ಪುಡಿ ಡಬ್ಬಿ ಹಾಕಿಕೊಂಡು ಹೊರಟೆ. ಗೆರೆಯ ಮಾತಾಡಲು ಹೋಗುವಾಗ ಅವೂ ಜೊತೆಗಿರಲಿ ಎನ್ನಿಸಿತ್ತು. ಬಾಗಿಲಲ್ಲಿ ಮಗಳು ಯೂನಿಫಾರಂ ಹಾಕಿ, ಬೂಟಿನ ಲೇಸು ಕಟ್ಟುತ್ತಿದ್ದಳು.

"ಸ್ಕೂಲಿಗೆ ಇಷ್ಟು ಬೇಗ?"

"ನಿನ್ ಜೊತೆ ಬರ್ತಿದೀನಿ. ನೀನು ಅಲ್ಲಿ ಏನೇನ್ ಹೇಳ್ತೀಯೋ ನಂಗೆ ಭಯ." ಲೇಸು ಬಿಗಿದ ಮೇಲೆ, "ಗೆರೆ ಬೇಕಂತ ಅಳಿಸಿಲ್ಲ ಅಂತ ಹೇಳು, ಸಾಕು. ಗೋಲೇ ಅಲ್ಲ ಅಂತ ಹೇಳ್ಬೇಡ."

"ನೋಡೋಣ."

"ನೋಡೋಣ ಅಂದ್ರೆ ನೀನ್ ಹೇಳ್ತೀಯ ಅಂತ ಅರ್ಥ."

ಚಿನಕುರಳಿ ದಾಟಿದ ಮೇಲೆ ಕಬ್ಬಿನ ಲಾರಿಯೊಂದು ರಸ್ತೆಗೆ ಅಡ್ಡ ನಿಂತು ಕಾಲು ಗಂಟೆ ತಿಂದಿತು. ಕೆ.ಆರ್. ಪೇಟೆಯಲ್ಲಿ ಕಿಕ್ಕೇರಿ ಬಸ್ಸು ಇನ್ನೇನು ಹೊರಡುವುದರಲ್ಲಿತ್ತು. ಮಗಳೇ ಓಡಿಹೋಗಿ ಫುಟ್‌ಬೋರ್ಡಿನಲ್ಲಿ ನಿಂತು, "ಅಣ್ಣಾ, ನಮ್ಮಮ್ಮ ಬರ್ತಾವ್ರೆ, ಒಂದ್ನಿಮ್ಷ!" ಎಂದು ಕಂಡಕ್ಟರನ್ನು ತಡೆದಳು. ಸೀಟು ಸಿಕ್ಕ ಮೇಲೆ ಕಿಟಕಿಯ ಆಚೆ ನೋಡುತ್ತಲೇ, "ಚೆಂಡು ಕಂಬ ದಾಟಿತ್ತೋ ಇಲ್ವೋ ನಾನ್ ನೋಡ್ಲೇ ಇಲ್ಲ ಅಮ್ಮಾ. ಒದ್ದೋಳೇ ಕೈ ಎತ್ಕೊಂಡು ಓಡ್ಬಿಟ್ಟೆ," ಎಂದಳು.

ಕಿಕ್ಕೇರಿಯಿಂದ ಆಟೋ. ಶಾಲೆಯ ಗೇಟಿನ ಹತ್ತಿರ ಇಳಿದಾಗ ಪ್ರಾರ್ಥನೆ ನಡೆಯುತ್ತಿತ್ತು. ನಾವಿಬ್ಬರೂ ಅಲ್ಲೇ ನೆಟ್ಟಗೆ ನಿಂತೆವು. ಮುಗಿದ ಕೂಡಲೇ ಆ ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದು ಆ ಹುಡುಗಿಯ ಕಡೆ ನೋಡಿದರು. ಅವಳು ಸಾಲಿನಿಂದ ಹೊರಗೆ ಬಂದಳು. ಅಂಗೈಯ ಪಟ್ಟಿ ಇರಲಿಲ್ಲ. ಎರಡು ರಿಬ್ಬನ್ನು ಮಾತ್ರ ಅವೇ.

ನಾನು ನಡೆದು ಹೋದೆ. ನೂರಾರು ಮಕ್ಕಳ ಮುಂದೆ ನಡೆಯುವಾಗ ಚಪ್ಪಲಿಯ ಸದ್ದು ಬಹಳ ದೊಡ್ಡದಾಗಿ ಕೇಳುತ್ತದೆ. ಹೆಡ್‌ಮೇಡಂಗೆ ನಮಸ್ಕಾರ ಮಾಡಿ, ಶನಿವಾರದ ಆಟದ ಬಗ್ಗೆ ಎರಡು ಮಾತು ಹೇಳಬೇಕು ಎಂದೆ. ಅವರಿಗೆ ನಾನು ಯಾರೆಂದು ತಿಳಿಯಲಿಲ್ಲ, ಆದರೂ ಆಗಲಿ ಎಂದರು.

"ಮಕ್ಕಳೇ, ನಾನು ಪಾಂಡವಪುರದಿಂದ ಬಂದಿದ್ದೀನಿ. ಶನಿವಾರದ ಫೈನಲಿಗೆ ಮೈದಾನದಲ್ಲಿ ಗೆರೆ ಎಳೆದವಳು ನಾನು. ಗೋಲಿನ ಗೆರೆ ಎರಡು ಕಂಬದ ನಡುವೆ ಇರಬೇಕು. ಕಲ್ಲು ಅಡ್ಡ ಬಂತು ಅಂತ ನಾನು ಅದನ್ನು ಒಂದು ಗೇಣು ಮುಂದೆ ಎಳೆದೆ. ನಿಮ್ಮ ಕೀಪರು ಕಂಬ ನೋಡಿಕೊಂಡು ಚೆಂಡು ಹಿಡಿದಳು. ಕಂಬ ಸರಿಯಾಗಿತ್ತು, ಗೆರೆ ತಪ್ಪಾಗಿತ್ತು. ಅವಳು ಹೇಳಿದ್ದು ನಿಜ. ಅವಳು ಯಾರಿಗೂ ತಪ್ಪಾಯ್ತು ಅನ್ನಬೇಕಾಗಿಲ್ಲ. ನಾನು ಅನ್ನಬೇಕು. ತಪ್ಪಾಯ್ತು ಕಣಮ್ಮ."

ಕೊನೆಯ ಮಾತನ್ನು ಆ ಹುಡುಗಿಯನ್ನೇ ನೋಡಿ ಹೇಳಿದೆ. ಮಗಳ ಕಡೆ ಮಾತ್ರ ನೋಡಲಿಲ್ಲ.

ಮೇಷ್ಟ್ರು ನನ್ನ ಫೋನಿನಲ್ಲಿ ಫೋಟೋ ನೋಡಿದರು, ರೆಫರಿಯ ಕಾಗದ ಓದಿದರು, ಮತ್ತೆ ಫೋಟೋ ನೋಡಿದರು. "ಇದ್ನ ಯೋಳಕ್ಕೆ ಅಷ್ಟ್ ದೂರದಿಂದ ಬಂದ್ರಾ ತಾಯಿ?" ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿ, "ಆಯ್ತು ಕಣಮ್ಮಿ, ನೀ ಏನೂ ಯೋಳ್ಬ್ಯಾಡ. ಓಗು, ಸಾಲ್ನಲ್ಲಿ ನಿಂತ್ಕೊ."

ಅವಳು ಹೋಗಲಿಲ್ಲ.

"ಅಂಗಂದ್ರೆ ಆಗೋಯ್ತಾ ಸಾ? ನಾ ಕಂಬ ನೋಡಿ ಅಂದಾಗ ನೀವೂ ನೋಡ್ನಿಲ್ಲ."

ಮೇಷ್ಟ್ರ ಮುಖ ಕೆಂಪಾಯಿತು. ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ನೋಡ್ನಿಲ್ಲ ಕಣವ್ವ," ಎಂದರು ಕೊನೆಗೆ. "ನಂದೂ ತಪ್ಪೇಯ."

ಅಲ್ಲಿಗೆ ಮುಗಿಯಿತು ಎಂದು ನಾನು ಚೀಲ ಹೆಗಲಿಗೇರಿಸಿದೆ. ಆದರೆ ಆ ಹುಡುಗಿಯ ಕಣ್ಣು ನನ್ನ ಹಿಂದೆ ನಿಂತಿದ್ದ ಮಗಳ ಮೇಲೆ ಇತ್ತು.

"ವಡ್ದೋಳು ನೀನೇ ಅಲ್ವೇನಮ್ಮಿ?"

"ಹೂಂ."

"ಇನ್ನೊಂದ್ ಕಿತ ವಡಿ. ಅದೇ ತರ. ಈಗ ನೋಡುವ."

ಮಗಳು ನನ್ನ ಮುಖ ನೋಡಿದಳು, ನಾನು ಹೆಡ್‌ಮೇಡಂ ಮುಖ ನೋಡಿದೆ. ಅವರು ಕೈಗಡಿಯಾರ ನೋಡಿ, "ಐದು ನಿಮಿಷ," ಎಂದರು. ಮಕ್ಕಳ ಸಾಲುಗಳು ತಾವಾಗಿಯೇ ಮೈದಾನದ ಕಡೆ ತಿರುಗಿದವು.

ಆ ಮೈದಾನದಲ್ಲಿ ಗೆರೆಯೇ ಇರಲಿಲ್ಲ. ಎರಡು ಸರ್ವೆ ಮರದ ಕಂಬ ನೆಟ್ಟು, ಬೀಳದಂತೆ ಬುಡಕ್ಕೆ ಕಲ್ಲು ಒಟ್ಟಿದ್ದರು. ಈ ಹುಡುಗಿ ಆಟ ಕಲಿತದ್ದು ಇಲ್ಲಿ. ಕಂಬ ಮುಟ್ಟಿಯೇ ತಾನು ಎಲ್ಲಿದ್ದೇನೆಂದು ತಿಳಿದುಕೊಳ್ಳಬೇಕಾದ ಜಾಗದಲ್ಲಿ. ನನ್ನ ಗೆರೆಯನ್ನು ಅವಳು ಯಾಕೆ ನೋಡಲಿಲ್ಲವೆಂದು ಆಗ ನನಗೆ ಗೊತ್ತಾಯಿತು.

ನಾನು ಚೀಲದಿಂದ ನೂಲುಂಡೆ ತೆಗೆದೆ. ಒಂದು ತುದಿ ಆ ಹುಡುಗಿ ಹಿಡಿದಳು, ಇನ್ನೊಂದು ತುದಿ ನನ್ನ ಮಗಳು. ಇಬ್ಬರೂ ನೂಲನ್ನು ಕಂಬಕ್ಕೇ ಒತ್ತಿ ಹಿಡಿದರು. ನಾನು ಸೆರಗು ಸಿಕ್ಕಿಸಿಕೊಂಡು ಕೂತು, ಪುಡಿ ಬಿಡುತ್ತ ಜರುಗಿದೆ. ಕಲ್ಲು ಬಂದಲ್ಲಿ ಗೆರೆ ಕಲ್ಲಿನ ಮೇಲೆ ಹತ್ತಿತು, ಇಳಿಯಿತು. ಎರಡು ಕಡೆ ತುಂಡಾಯಿತು. ನಾನು ಬಿಟ್ಟೆ. ನನ್ನ ಜೀವನದಲ್ಲಿ ಅಷ್ಟು ಒಡ್ಡೊಡ್ಡಾದ ಗೆರೆ ಎಳೆದಿಲ್ಲ.

"ಸರಿಯಾಗಿದೆಯಾ ನೋಡಮ್ಮ," ಎಂದೆ.

ಅವಳು ಬಗ್ಗಿ ನೋಡಿದಳು. "ಸರ್ಯಾಗೈತೆ ಬುಡಿ," ಎಂದಳು. ನಮ್ಮತ್ತೆಯ ಹಾಗೆ.

ಯಾರೋ ಚೆಂಡು ತಂದರು. ಅವಳು ಎಡಗಂಬ ಮುಟ್ಟಿದಳು, ಬಲಗಂಬ ಮುಟ್ಟಿದಳು, ನಡುವೆ ನಿಂತಳು. ಮಗಳು ಚೆಂಡನ್ನು ನೆಲಕ್ಕಿಟ್ಟು ಹಿಂದೆ ಹೋಗಿ, ಒಂದು ಕ್ಷಣ ನೆಲ ನೋಡಿ, ಓಡಿ ಬಂದು ಒದ್ದಳು. ಶನಿವಾರಕ್ಕಿಂತ ಜೋರಾದ ಒದೆತ. ಹುಡುಗಿ ಹಾರಿದಳು, ಬೆರಳ ತುದಿ ತಾಗಿದ ಹಾಗಾಯಿತು, ಚೆಂಡು ಕಂಬವನ್ನು ಸವರಿಕೊಂಡು ಹಿಂದಿನ ರಾಗಿ ಹೊಲಕ್ಕೆ ಹೋಯಿತು.

ಮೇಷ್ಟ್ರು ಸೀಟಿಯನ್ನು ತುಟಿಗಿಟ್ಟುಕೊಂಡಿದ್ದರು, ಊದಲಿಲ್ಲ. ಅವರು ಗೆರೆ ನೋಡಲಿಲ್ಲ, ಕಂಬ ನೋಡಲಿಲ್ಲ, ಅವಳನ್ನು ನೋಡುತ್ತಿದ್ದರು. ಶಾಲೆಗೆ ಶಾಲೆಯೇ ಅವಳನ್ನು ನೋಡುತ್ತಿತ್ತು.

ಅವಳು ಎದ್ದು ಮಂಡಿಯ ಧೂಳು ಒರೆಸಿಕೊಂಡಳು.

"ಗೋಲು ಸಾ," ಎಂದಳು. "ಇದು ಗೋಲು. ಅವತ್ತಿಂದು ಅಲ್ಲ."

ಮೇಷ್ಟ್ರು ಸೀಟಿ ಊದಿದರು. ನನ್ನ ಮಗಳು ಈ ಸಲ ಕೈ ಎತ್ತಲಿಲ್ಲ. ಅವಳೇ ಹೊಲಕ್ಕೆ ಇಳಿದು, ರಾಗಿ ಪೈರು ತುಳಿಯದ ಹಾಗೆ ಕಾಲಿಟ್ಟು ಹೋಗಿ, ಚೆಂಡು ತಂದು ಆ ಹುಡುಗಿಯ ಕೈಗೆ ಕೊಟ್ಟಳು.